ಗಡಿನಾಡಿನಲ್ಲಿ ನಾಟಕ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯದ ಕಡೆ ನಾಟಕದ ಕಮ್ಮಟಗಳಿಗೆ ಹೋದಾಗ ಚಹಾದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ನಿಂತು ಕೇಳುವ ಪ್ರಶ್ನೆಗಳು ಇವು. ಸಭೆಯಲ್ಲಿ ಮೈಕು ಹಿಡಿದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಬೇಕಾಗಿರುವುದಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ನಾಟಕ ಯಾರಿಗೆ ಬೇಕು?

ಮೊಬೈಲ್ ಇರುವವರೇ ಜಾತ್ರೆಯ ಯಕ್ಷಗಾನಕ್ಕೂ ಬಂದು ಕೂರುತ್ತಾರೆ. ಅವರೇ ಭೂತದ ಕೋಲಕ್ಕೆ ಬೆಳಗಿನ ಜಾವದವರೆಗೆ ನಿದ್ದೆಗೆಡುತ್ತಾರೆ. ಆದ್ದರಿಂದ ಜನರಿಗೆ ಕೂರುವ ವ್ಯವಧಾನವಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ನಮ್ಮ ನಾಟಕಕ್ಕೆ ಮಾತ್ರ ಕೂರುವುದಿಲ್ಲ ಎಂದಾದರೆ ಕಾರಣವನ್ನು ನಮ್ಮ ನಾಟಕದಲ್ಲೇ ಹುಡುಕಬೇಕು.

ಪ್ರತಿ ಊರಿನಲ್ಲೂ ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಮುಖಾಮುಖಿ ಆಡದ ಮಾತುಗಳಿರುತ್ತವೆ. ಅಣ್ಣತಮ್ಮಂದಿರ ಪಾಲುಪಟ್ಟಿ, ರಾತ್ರೋರಾತ್ರಿ ಒಂದು ಗೇಣು ಸರಿದ ಬೇಲಿ, ಕನ್ನಡ ಶಾಲೆ ಉಳಿಸಿ ಎಂದು ಮೆರವಣಿಗೆ ಹೋಗಿ ಬಂದು ಸ್ವಂತ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಅಪ್ಪ. ಇವೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಧಾರಾಳವಾಗಿ ಚರ್ಚೆಯಾಗುತ್ತವೆ, ಆದರೆ ಅವರವರ ಗುಂಪಿನಲ್ಲಿ ಅವರವರೇ. ನಾಟಕಕ್ಕೆ ಬಂದವನಿಗೆ ಪಕ್ಕದ ಕುರ್ಚಿಯಲ್ಲಿ ಯಾರು ಬಂದು ಕೂರುತ್ತಾರೆ ಎಂಬುದರ ಮೇಲೆ ಹಿಡಿತವಿಲ್ಲ. ಬೇಲಿಯ ಆಚೆಯವನೂ ಈಚೆಯವನೂ ಒಂದೇ ಸಾಲಿನಲ್ಲಿ ಕೂತು ಬೇಲಿಯ ಮಾತು ಕೇಳಬೇಕಾಗುತ್ತದೆ. ಆ ಮುಜುಗರವನ್ನು ಬೇರೆ ಯಾವ ಮಾಧ್ಯಮವೂ ಕೊಡಲಾರದು. ಈ ದಿನಗಳಲ್ಲಿ ನಾಟಕ ಬೇಕಾಗಿರುವುದು ಅದಕ್ಕೇ ಎಂದು ನನ್ನ ಲೆಕ್ಕ. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಬರೆಯಲು ಎಲ್ಲಿಂದ ಶುರು ಮಾಡಬೇಕು? ಒಳ್ಳೆಯ ವಿಷಯ ಸಿಗುವುದಿಲ್ಲ.

ವಿಷಯ ಹುಡುಕಬೇಡಿ. ಒಬ್ಬರನ್ನೊಬ್ಬರು ಬಿಟ್ಟು ಎದ್ದುಹೋಗಲಾರದ ಮೂವರನ್ನು ಹುಡುಕಿ.

ಒಂದು ಉದಾಹರಣೆ. ನಮ್ಮ ಕಡೆಯ ಹೊಸ ಬರಹಗಾರರ ಹಸ್ತಪ್ರತಿಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ: ವಿಲೇಜ್ ಆಫೀಸಿನಲ್ಲಿ ಕನ್ನಡದ ಅಜ್ಜಿ, ಮಲಯಾಳದಲ್ಲಿ ಅಚ್ಚಾದ ಅರ್ಜಿ, ಸಿಡುಕುವ ಗುಮಾಸ್ತ. ಅಜ್ಜಿ ಅಳುತ್ತಾಳೆ, ಯುವಕನೊಬ್ಬ ಒಳಗೆ ನುಗ್ಗಿ ತಾಯ್ನುಡಿಯ ಬಗ್ಗೆ ಭಾಷಣ ಮಾಡುತ್ತಾನೆ. ಚಪ್ಪಾಳೆ ಬೀಳುತ್ತದೆ, ಅದರ ಜೊತೆಗೆ ನಾಟಕವೂ ಬೀಳುತ್ತದೆ. ಅರ್ಜಿಯ ಕಷ್ಟ ಸುಳ್ಳಲ್ಲ. ಆದರೆ ಈ ದೃಶ್ಯದಲ್ಲಿ ನೋಡುವವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಇದನ್ನೇ ಹೀಗೆ ಬರೆದು ನೋಡಿ. ಗುಮಾಸ್ತ ಕೊಲ್ಲಂ ಕಡೆಯಿಂದ ವರ್ಗವಾಗಿ ಬಂದವನು. ಅಲ್ಲಿ ಅವನ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಇಲ್ಲಿ ರಜೆ ಸಿಕ್ಕಿಲ್ಲ. ಅಜ್ಜಿಯ ಒಂದು ಮಾತೂ ಅವನಿಗೆ ಅರ್ಥವಾಗುವುದಿಲ್ಲ. ಅರ್ಜಿ ಕೊಡಲು ಅಂದೇ ಕೊನೆಯ ದಿನ. ಎರಡೂ ಭಾಷೆ ಬಲ್ಲವನು ಒಬ್ಬನೇ, ಪ್ಯೂನ್. ಅವನು ಅದೇ ಊರಿನವನು. ಅಜ್ಜಿಯ ತೋಟಕ್ಕೂ ಅವನ ತೋಟಕ್ಕೂ ನಡುವಿನ ಬೇಲಿಯ ತಕರಾರು ಇನ್ನೂ ತೀರಿಲ್ಲ. ಈಗ ಗುಮಾಸ್ತ ಕೇಳಿದ್ದನ್ನು ಅಜ್ಜಿಗೆ ಹೇಳಬೇಕಾದವನು ಪ್ಯೂನ್, ಅಜ್ಜಿ ಹೇಳಿದ್ದನ್ನು ಗುಮಾಸ್ತನಿಗೆ ತಲುಪಿಸಬೇಕಾದವನೂ ಅವನೇ. ಅವನು ಅರ್ಧ ಮಾತು ನುಂಗುತ್ತಾನೆ, ಕಾಲು ಮಾತು ಸೇರಿಸುತ್ತಾನೆ. ಎರಡೂ ಭಾಷೆ ತಿಳಿದ ನಮ್ಮ ಪ್ರೇಕ್ಷಕನಿಗೆ ಎಲ್ಲವೂ ಕೇಳಿಸುತ್ತದೆ, ಗುಮಾಸ್ತನಿಗೆ ಮತ್ತು ಅಜ್ಜಿಗೆ ಕೇಳಿಸುವುದಿಲ್ಲ. ಕೊನೆಗೆ ಪ್ಯೂನ್ ಹೆಬ್ಬೆಟ್ಟು ಒತ್ತಲು ಶಾಯಿಯ ಪೆಟ್ಟಿಗೆಯನ್ನು ಮುಂದೆ ತಳ್ಳುತ್ತಾನೆ. ಅಜ್ಜಿ ಪೆನ್ನು ಕೇಳುತ್ತಾಳೆ. ಕನ್ನಡಕ ಸರಿಪಡಿಸಿಕೊಂಡು, ಇನಿಶಿಯಲ್ ಸಮೇತ, ದೀರ್ಘವನ್ನೂ ಒತ್ತಕ್ಷರವನ್ನೂ ಬಿಡದೆ ಹೆಸರು ಬರೆಯಲು ತೊಡಗುತ್ತಾಳೆ. ಗುಮಾಸ್ತ ಗಡಿಯಾರ ನೋಡುತ್ತಾನೆ. ಆ ಕೋಣೆಯಲ್ಲಿ ಅವಳ ಅಕ್ಷರವನ್ನು ಓದಬಲ್ಲವನು ಪ್ಯೂನ್ ಒಬ್ಬನೇ.

ಇಲ್ಲಿ ಭಾಷಣಕ್ಕೆ ಜಾಗವೇ ಇಲ್ಲ. ಭಾಷೆಯ ಪ್ರಶ್ನೆ ಮಾತ್ರ ಮೊದಲಿನದಕ್ಕಿಂತ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಅದಕ್ಕೆ ಬೇಲಿಯ ಲೆಕ್ಕವೂ ಅಂಟಿಕೊಂಡಿದೆ.

ಸಂಭಾಷಣೆ ಬರೆಯುವುದನ್ನು ಕಲಿಯುವುದು ಹೇಗೆ?

ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಗೆ ಹೋಗಿ. ಈ ಸಲಹೆ ಕೇಳಿ ಹೊಸ ಹುಡುಗರು ನಗುತ್ತಾರೆ. ಆಧುನಿಕ ನಾಟಕಕ್ಕೂ ಪುರಾಣಕ್ಕೂ ಏನು ಸಂಬಂಧ ಎಂದು. ಸಂಬಂಧ ಪುರಾಣದ್ದಲ್ಲ, ವಾದದ್ದು. ವೇಷವಿಲ್ಲ, ಕುಣಿತವಿಲ್ಲ, ಬೆಳಕಿನ ಚಮತ್ಕಾರವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಇಬ್ಬರು ಕೂತು ಅರ್ಥ ಹೇಳುತ್ತಾರೆ, ಅದೂ ಬಾಯಿಪಾಠ ಮಾಡದೆ, ಆ ಕ್ಷಣಕ್ಕೆ ಹುಟ್ಟಿದ್ದನ್ನು. ಬರೀ ಮಾತಿನಿಂದ ಗಂಟೆಗಟ್ಟಲೆ ಜನರನ್ನು ಕೂರಿಸುವ ವಿದ್ಯೆ ನಮ್ಮ ಮನೆಯ ಚಾವಡಿಯಲ್ಲೇ ಇದೆ.

ವಾಲಿಯ ಪ್ರಸಂಗವನ್ನು ನೋಡಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮ? ರಾಮನ ಬಳಿಯೂ ಉತ್ತರವಿದೆ. ಈ ನೆಲ ಭರತನ ಆಳ್ವಿಕೆಯದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು. ಕತೆಯ ಕೊನೆ ಎಲ್ಲರಿಗೂ ಗೊತ್ತಿರುವುದೇ, ಆದರೂ ಜನ ಕಿವಿಗೊಟ್ಟು ಕೂರುತ್ತಾರೆ. ಈ ರಾತ್ರಿ ವಾಲಿ ಇನ್ನೇನು ಕೇಳಬಹುದು, ರಾಮ ಹೇಗೆ ತಪ್ಪಿಸಿಕೊಳ್ಳಬಹುದು ಎಂದು. ಈ ಜಿಲ್ಲೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಂದಲೇ ಹೆಸರಾದವರು. ಸೋಲಲೇಬೇಕಾದ ಪಾತ್ರಕ್ಕೆ ಗಟ್ಟಿಯಾದ ನ್ಯಾಯವನ್ನು ಒದಗಿಸುವುದು ಅರ್ಥಗಾರಿಕೆಯ ಕಸುಬು. ಅದು ನಾಟಕಕಾರನ ಕಸುಬೂ ಹೌದು. ನಿಮಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಆ ಪಾತ್ರದ ಮಾತನ್ನು ಮೊದಲು ಬರೆಯಿರಿ, ಅದೂ ಉತ್ತರ ಹೇಳಲು ನಿಮಗೇ ಕಷ್ಟವಾಗುವಷ್ಟು ಚೆನ್ನಾಗಿ. ಕೊಲ್ಲಂನ ಗುಮಾಸ್ತನಿಗೆ ತಾಯಿಯನ್ನು ಕೊಟ್ಟದ್ದು ಇದಕ್ಕೇ.

ತಾಳಮದ್ದಳೆಯಿಂದ ಕಲಿಯಬಾರದ್ದೂ ಒಂದಿದೆ: ಉದ್ದ. ಅಲ್ಲಿ ಒಬ್ಬ ಅರ್ಧ ಗಂಟೆ ಮಾತನಾಡಬಹುದು. ನಾಟಕದಲ್ಲಿ ಹಾಗೆ ಮಾಡಿದರೆ ಎದುರಿನ ನಟ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ.

ಯಾವ ಭಾಷೆಯಲ್ಲಿ ಬರೆಯಬೇಕು? ಗ್ರಾಂಥಿಕ ಕನ್ನಡವೇ, ಹವ್ಯಕವೇ, ತುಳು ಬೆರೆಸಬಹುದೇ?

'ಸಪ್ತಭಾಷಾ ಸಂಗಮ ಭೂಮಿ' ಎಂದು ನಮ್ಮ ಸ್ವಾಗತ ಭಾಷಣಗಳೆಲ್ಲ ಶುರುವಾಗುತ್ತವೆ. ಆಮೇಲೆ ನಡೆಯುವ ನಾಟಕದಲ್ಲಿ ಮಾತ್ರ ಎಲ್ಲರೂ ಪಠ್ಯಪುಸ್ತಕದ ಕನ್ನಡ ಮಾತನಾಡುತ್ತಾರೆ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಕರಾಡ ಮರಾಠಿ, ಹವ್ಯಕ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಬರುವ ಊರಿನಲ್ಲಿ ಇದು ಕೃತಕ. ಪಾತ್ರ ಯಾರೊಂದಿಗೆ ಯಾವ ಭಾಷೆ ಆಡುತ್ತದೋ ಅದನ್ನೇ ಬರೆಯಿರಿ. ಒಬ್ಬನೇ ಮನುಷ್ಯ ಹೆಂಡತಿಯೊಡನೆ ಒಂದು, ಆಳಿನೊಡನೆ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಭಾಷೆ ಆಡುತ್ತಾನೆ. ಅವನು ಭಾಷೆ ಬದಲಿಸುವ ಕ್ಷಣದಲ್ಲಿ ಅವನ ಬೆನ್ನು ನೆಟ್ಟಗಾಯಿತೇ, ಬಾಗಿತೇ ಎಂಬುದು ನಟನಿಗೆ ಸಿಗುವ ಅತ್ಯುತ್ತಮ ಸೂಚನೆ.

ಈ ನಾಟಕವನ್ನು ಮೈಸೂರಿಗೋ ಧಾರವಾಡಕ್ಕೋ ಒಯ್ದರೆ ಅರ್ಥವಾಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಒಂದು ಹಳೆಯ ಉಪಾಯವಿದೆ: ಉತ್ತರದಲ್ಲಿ ಅರ್ಥವನ್ನು ಹೊರಿಸಿಬಿಡಿ. ಗುಮಾಸ್ತ "ಇನ್ನ್ ಅವಸಾನ ದಿವಸಮಾಣ್" ಎನ್ನಲಿ. ಪ್ಯೂನ್ ತಿರುಗಿ, "ಅಜ್ಜೀ, ಇವತ್ತೇ ಕೊನೆಯಂತೆ, ನಾಳೆ ಬಂದರೆ ತೆಗೆದುಕೊಳ್ಳುವುದಿಲ್ಲವಂತೆ" ಎನ್ನಲಿ. ಎರಡನೆಯ ಅರ್ಧವನ್ನು ಗುಮಾಸ್ತ ಹೇಳಲೇ ಇಲ್ಲ ಎಂಬುದು ಕಾಸರಗೋಡಿನವರಿಗೆ ಹೊಳೆಯುತ್ತದೆ, ಧಾರವಾಡದವರಿಗೆ ಕತೆ ಮುಂದುವರಿದರೆ ಸಾಕು. ಮಾತನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿಸುವುದು ಮಾತ್ರ ಬೇಡ. ಅದು ರೈಲು ನಿಲ್ದಾಣದ ಘೋಷಣೆಯ ಕೆಲಸ.

ಗಡಿ ಸಮಸ್ಯೆಯ ಬಗ್ಗೆ ಬರೆಯಲೇಬೇಕೇ?

ಬೇಕಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟದ್ದು, ಅದು ಜಾರಿಗೆ ಬಾರದೆ ಉಳಿದದ್ದು, ಇವೆಲ್ಲ ಇತಿಹಾಸದ ಸಂಗತಿಗಳು. ನಾಟಕದೊಳಗೆ ತಂದರೆ ಅವು ಬಹುಮಟ್ಟಿಗೆ ಭಾಷಣವಾಗುತ್ತವೆ. 1984ರಲ್ಲಿ ಇದು ಪ್ರತ್ಯೇಕ ಜಿಲ್ಲೆಯಾದ ಮೇಲೆ ಹುಟ್ಟಿದವರಿಗೇ ಈಗ ಮಕ್ಕಳಿದ್ದಾರೆ. ಕನ್ನಡದಲ್ಲಿ ಓದಿದ ಹುಡುಗಿ ಕೆಲಸಕ್ಕಾಗಿ ಯಾವ ಊರಿನ ಬಸ್ಸು ಹತ್ತಬೇಕು ಎಂಬಲ್ಲಿಂದ ಬರೆದರೆ ಆಯೋಗದ ಹೆಸರೆತ್ತದೆಯೂ ಗಡಿ ಬರುತ್ತದೆ.

ಎಂಡೋಸಲ್ಫಾನ್ ಬಗ್ಗೆ ಬರೆಯಬಹುದೇ?

ಬರೆಯಬಹುದು, ಆದರೆ ಕೆಲವನ್ನು ಮಾಡಲೇಬಾರದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕದ ಸಿಂಪಡಣೆ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ನರಳಿದ ಮಕ್ಕಳ ಚಿತ್ರಗಳನ್ನು ಜಗತ್ತೇ ನೋಡಿದೆ. ಆ ಮಕ್ಕಳ ನಡಿಗೆಯನ್ನು ಆರೋಗ್ಯವಂತ ಮಕ್ಕಳಿಂದ ವೇದಿಕೆಯ ಮೇಲೆ ಅನುಕರಣೆ ಮಾಡಿಸುವುದನ್ನು ನಾನು ಸಹಿಸುವುದಿಲ್ಲ. ಮುಂದಿನ ಸಾಲಿನಲ್ಲಿ ಆ ತಾಯಂದಿರು ಕೂತಿರಬಹುದು ಎಂಬುದನ್ನು ಬರೆಯುವವನು ಮರೆಯಬಾರದು.

ನಾಟಕ ಇರುವುದು ಸುತ್ತಲಿನವರಲ್ಲಿ. ಸಂತ್ರಸ್ತರನ್ನು ಗುರುತಿಸುವ ವೈದ್ಯಕೀಯ ಶಿಬಿರದ ಪಟ್ಟಿಯಲ್ಲಿ ಒಂದು ಮನೆಯ ಹೆಸರು ಬಂತು, ಪಕ್ಕದ ಮನೆಯದು ಬರಲಿಲ್ಲ. ಆ ಎರಡು ಮನೆಗಳ ಹೆಂಗಸರು ಮರುದಿನ ಬೆಳಗ್ಗೆ ಒಂದೇ ಬಾವಿಕಟ್ಟೆಗೆ ಬರುತ್ತಾರೆ. ಅಥವಾ ತೋಟದಲ್ಲಿ ಔಷಧಿ ಬೆರೆಸುವ ಕೂಲಿ ಮಾಡಿದವನೇ ಇಂದು ಆ ಮಗುವಿನ ಅಜ್ಜ. ಊರಿನವರು ಮುಖಾಮುಖಿ ಆಡದ ಮಾತು ಎಂದು ಮೇಲೆ ಹೇಳಿದೆನಲ್ಲ, ಇದಕ್ಕಿಂತ ದೊಡ್ಡದು ಬೇರೆಲ್ಲಿ ಸಿಗಬೇಕು?

ದೈವವನ್ನು ವೇದಿಕೆಗೆ ತರಬಹುದೇ?

ಬೇಡ ಎನ್ನುತ್ತೇನೆ. ಗದ್ದಲಕ್ಕೆ ಹೆದರಿ ಹೇಳುತ್ತಿಲ್ಲ. ಕೋಲದ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ ಬಂದೊಡನೆ ನೋಡುವವನು ನಾಟಕದಿಂದ ಎದ್ದು ಭಕ್ತಿಗೋ ಕೋಪಕ್ಕೋ ಹೋಗಿಬಿಡುತ್ತಾನೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ದೈವ ಏನು ನುಡಿಯುತ್ತದೋ ಎಂದು ಅಂಗಳದಲ್ಲಿ ಕಾಯುತ್ತಿರುವ ಮನೆಯವರನ್ನು ಬರೆಯಿರಿ. ಅಪರಾಧಿ ಅವರಲ್ಲೇ ಒಬ್ಬ ಎಂದಾದರೆ ಗಗ್ಗರದ ಸದ್ದೂ ಬೇಕಾಗುವುದಿಲ್ಲ.

ನಾಟಕ ಎಷ್ಟು ಹೊತ್ತಿನದಾಗಿರಬೇಕು?

ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲು ವಿಚಾರಿಸಿ. ಇದು ತಮಾಷೆಯಲ್ಲ. ಏಳು ಗಂಟೆಗೆಂದು ಪ್ರಕಟಿಸಿದ ಕಾರ್ಯಕ್ರಮ ಏಳೂವರೆಗೆ ಶುರುವಾಗಿ, ಅತಿಥಿಗಳ ಭಾಷಣ ಮುಗಿಯುವಾಗ ಎಂಟೂವರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವಗಳಿಗಾಗಿ ಸರಕಾರ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿಯೂ ಇದೆ. ಆದರೆ ಶಾಲೆಯ ಅಂಗಳದ ನಿಮ್ಮ ನಾಟಕಕ್ಕೆ ಅವೆರಡೂ ಒದಗುವುದು ಕಡಿಮೆ. ಹಾಗಾಗಿ ನಿಮ್ಮ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಯಕ್ಷಗಾನವೇ ಕಾಲಮಿತಿಗೆ ಒಗ್ಗಿಕೊಂಡಿದೆ, ನಾವು ಒಗ್ಗದೆ ಉಪಾಯವಿಲ್ಲ.

ವರ್ಷದ ಲೆಕ್ಕವೂ ಇದೆ. ಕೋಲ, ಯಕ್ಷಗಾನಗಳ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಮೇ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಬಯಲಿನಲ್ಲಿ ಏನೂ ನಡೆಯುವುದಿಲ್ಲ. ಅದು ಬರೆಯುವ, ತಿದ್ದುವ ಕಾಲ. ದೀಪಾವಳಿಯ ಹೊತ್ತಿಗೆ ಅಭ್ಯಾಸ ಮುಗಿದಿದ್ದರೆ ಜಾತ್ರೆ, ವಾರ್ಷಿಕೋತ್ಸವಗಳ ತಿಂಗಳುಗಳು ಪೂರ್ತಿ ನಿಮ್ಮವು.

ಹಳೆಯ ನಾಟಕಗಳನ್ನು ಆಡಲು ಅನುಮತಿ ಬೇಕೇ?

ಇದಕ್ಕೆ ತಪ್ಪು ಉತ್ತರ ಕೊಡುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ವಿವರವಾಗಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಲೇಖಕ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಇರುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳು ಎಂದೋ ಮುಕ್ತವಾಗಿವೆ. ನಮಗೆ ಹತ್ತಿರದ ಸಂಗತಿ ಬೇರೊಂದಿದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅಂದರೆ 2024ರ ಜನವರಿ 1ರಿಂದ ಅವರ ಪ್ರಕಟಿತ ಕೃತಿಗಳನ್ನು ಯಾರು ಬೇಕಾದರೂ ಆಡಬಹುದು. ಏಕಲವ್ಯನ ಕತೆಯ 'ಹೆಬ್ಬೆರಳು' ಅವುಗಳಲ್ಲಿ ಒಂದು. ಅದೇ ಕತೆಯ ಮೇಲೆ ಕುವೆಂಪು ಬರೆದ 'ಬೆರಳ್‌ಗೆ ಕೊರಳ್' ಆಡಲು ಮಾತ್ರ ಅನುಮತಿ ಬೇಕು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ ಇದೆ.

ಒಂದು ವಿನಾಯಿತಿ ಉಂಟು. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ, ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ ಅದನ್ನು ಹಕ್ಕಿನ ಉಲ್ಲಂಘನೆಯೆಂದು ಕಾಯ್ದೆ ಎಣಿಸುವುದಿಲ್ಲ. ಹಾಗಿದ್ದರೂ ಲೇಖಕರಿಗೋ ಮನೆಯವರಿಗೋ ಒಂದು ಪತ್ರ ಬರೆಯುವುದು ಮರ್ಯಾದೆ. ಆ ವಿನಾಯಿತಿ ಇರುವುದು ಪ್ರದರ್ಶನಕ್ಕೆ. ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದಕ್ಕಲ್ಲ. ಅನುವಾದಿತ ನಾಟಕವಾದರೆ ಅನುವಾದಕರ ಹಕ್ಕು ಬೇರೆ, ಮೂಲ ಲೇಖಕರದ್ದು ಬೇರೆ.

ಕಾನೂನು ಬದಿಗಿಟ್ಟು ಒಂದು ಆಸೆ ಹೇಳಿಬಿಡುತ್ತೇನೆ: 'ಹೆಬ್ಬೆರಳು' ನಾಟಕವನ್ನೂ ವಿಲೇಜ್ ಆಫೀಸಿನ ಅಜ್ಜಿಯ ದೃಶ್ಯವನ್ನೂ ಒಂದೇ ಸಂಜೆ, ಒಂದರ ಹಿಂದೆ ಒಂದು, ಅದೇ ನಟರಿಂದ ಆಡಿಸಿ ನೋಡಬೇಕು. ದ್ರೋಣನಾದವನೇ ಪ್ಯೂನ್ ಆಗಲಿ.

ಪೊಲೀಸರಿಗೆ ನಾಟಕದ ಪ್ರತಿ ಕೊಡಬೇಕೇ?

ನಾಟಕಗಳಿಗೆ ಕಡಿವಾಣ ಹಾಕಲು ಬ್ರಿಟಿಷರು ತಂದ 1876ರ ನಾಟಕ ಪ್ರದರ್ಶನ ಕಾಯ್ದೆಯನ್ನು 2018ರಲ್ಲಿ ತೆಗೆದುಹಾಕಿದ್ದಾರೆ. ಧ್ವನಿವರ್ಧಕದ ಅನುಮತಿಗೆ ಮಾತ್ರ ಠಾಣೆಗೆ ಹೋಗಲೇಬೇಕು, ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮಂಗಳೂರಿನ ತುಳು ಹಾಸ್ಯ ನಾಟಕಗಳಿಗೆ ಜನ ಸೇರುತ್ತಾರೆ, ನಮಗೇಕೆ ಸೇರುವುದಿಲ್ಲ?

ಅವರು ಪ್ರೇಕ್ಷಕರನ್ನು ನೋಡುತ್ತಾ ಆಡುತ್ತಾರೆ, ನಾವು ಬಹುಮಾನದ ತೀರ್ಪುಗಾರರನ್ನು ನೋಡುತ್ತಾ ಆಡುತ್ತೇವೆ. ಅವರ ಹಾಸ್ಯವೆಲ್ಲ ನನಗೆ ಹಿಡಿಸುವುದಿಲ್ಲ. ಹೆಂಗಸರನ್ನೂ ದಪ್ಪ ಮೈಯವರನ್ನೂ ಗೇಲಿ ಮಾಡದೆ ಎರಡು ಗಂಟೆ ದೂಡಲಾರದ ತಂಡಗಳೂ ಇವೆ. ಆದರೆ ನಗು ಎದ್ದಾಗ ಎಷ್ಟು ಕಾಯಬೇಕು, ಯಾವ ಉಸಿರಿನಲ್ಲಿ ಮುಂದಿನ ಮಾತು ಹಿಡಿಯಬೇಕು ಎಂಬ ಅವರ ತಿಳಿವಳಿಕೆಯ ಮುಂದೆ ನಮ್ಮ ಕಮ್ಮಟಗಳು ಏನೂ ಅಲ್ಲ.

ನಟರೇ ಸಿಗುವುದಿಲ್ಲ. ಹುಡುಗರೆಲ್ಲ ಗಲ್ಫಿಗೋ ಬೆಂಗಳೂರಿಗೋ ಹೋಗಿದ್ದಾರೆ.

ಊರಿನಲ್ಲಿ ಉಳಿದವರಿಗಾಗಿ ಬರೆಯಿರಿ. ನಿವೃತ್ತ ಮೇಷ್ಟ್ರುಗಳು, ಅಂಗನವಾಡಿಯ ಅಕ್ಕಂದಿರು, ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆಂದು ಗೆಜ್ಜೆ ಕಟ್ಟಿ ತಾಳ ಕಲಿತ ಹೈಸ್ಕೂಲಿನ ಹುಡುಗಿಯರು ಇದ್ದಾರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಆಗಿರುವುದರಿಂದ, ಹೆಜ್ಜೆ ಬಲ್ಲ, ಸಭಾಕಂಪ ಬಿಟ್ಟ ಹುಡುಗಿಯರು ನಮ್ಮಲ್ಲಿ ತಯಾರಾಗುತ್ತಲೇ ಇದ್ದಾರೆ. ಹತ್ತನೆಯ ತರಗತಿ ದಾಟಿದ ಮೇಲೆ ಅವರನ್ನು ಕೇಳುವವರಿಲ್ಲ. ನಾಲ್ಕು ಗಂಡು ಪಾತ್ರ, ಮೂಲೆಯಲ್ಲಿ ಚಹಾ ತರುವ ಒಬ್ಬಳು ಹೆಣ್ಣು ಎಂಬ ನಾಟಕ ಬರೆದುಕೊಂಡು ನಟರಿಲ್ಲ ಎಂದು ದೂರಿದರೆ ಯಾರೇನು ಮಾಡಲಾದೀತು?

ಬರೆದದ್ದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಸಾಹಿತಿಗಳಿಗೆ ಕೊಡುವ ಮೊದಲು ಕೆಲಸ ಮಾಡುತ್ತಿರುವವರ ಎದುರು ಗಟ್ಟಿಯಾಗಿ ಓದಿ. ನಮ್ಮ ಕಡೆ ಒಣಗಿದ ಅಡಿಕೆ ಸುಲಿಯಲು ಕೂರುವ ಜಾಗ ಇದಕ್ಕೆ ಹೇಳಿಮಾಡಿಸಿದ್ದು. ಅಭಿಪ್ರಾಯ ಕೇಳಬೇಡಿ, ಎಲ್ಲರೂ "ಲಾಯಕ್ಕಾಗಿದೆ" ಎನ್ನುತ್ತಾರೆ. ಅವರ ಕೈಗಳನ್ನು ನೋಡಿ. ಸುಲಿಯುವ ಕೈ ಒಂದೇ ಲಯದಲ್ಲಿ ಓಡುತ್ತಿದ್ದರೆ ನಿಮ್ಮ ದೃಶ್ಯ ಯಾರಿಗೂ ತಾಗಿಲ್ಲ. ಯಾವ ಮಾತಿಗೆ ಕೈ ನಿಂತಿತು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಆಗಾಗ ನೀವು ಎಣಿಸಿರದ ಕಡೆ ನಿಲ್ಲುತ್ತದೆ: ನಾಯಕನ ದೊಡ್ಡ ಮಾತಿಗೆ ಸುಲಿತ ಸಾಗುತ್ತಲೇ ಇರುತ್ತದೆ, ಅಜ್ಜಿ ಪೆನ್ನು ಕೇಳಿದಾಗ ಒಬ್ಬಾಕೆ ತಲೆಯೆತ್ತುತ್ತಾಳೆ. ಕೈ ನಿಂತ ಕಡೆಗಳ ನಡುವಿನದ್ದನ್ನೆಲ್ಲ ಅರ್ಧಕ್ಕೆ ಇಳಿಸಿ. ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ ಎಂದು ಒಬ್ಬರು ಆಕ್ಷೇಪಿಸಿದರು. ಬೀಡಿ ಕಟ್ಟುವವರು, ಮದುವೆಮನೆಯಲ್ಲಿ ತರಕಾರಿ ಹೆಚ್ಚುವವರು ಇನ್ನೂ ಇದ್ದಾರೆ.

ಕೃತಕ ಬುದ್ಧಿಮತ್ತೆಯಿಂದ ನಾಟಕ ಬರೆಸಬಹುದೇ?

ಬರೆಸಿಕೊಂಡು ತಂದವರ ನಾಟಕ ಕೇಳಿದ್ದೇನೆ. ವಾಕ್ಯಗಳು ಶುದ್ಧವಾಗಿದ್ದವು. ಬೇಲಿ ಯಾರದ್ದು ಎಂದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ನಾಟಕವನ್ನು ಪುಸ್ತಕವಾಗಿ ಯಾವಾಗ ಅಚ್ಚು ಹಾಕಿಸಬೇಕು?

ನಾಲ್ಕಾರು ಕಡೆ ಆಡಿದ ಮೇಲೆ. ಬಿಡುಗಡೆ ಸಮಾರಂಭಕ್ಕೆಂದೇ ಅಚ್ಚಾಗಿ, ಒಮ್ಮೆಯೂ ಆಡದೆ ಗ್ರಂಥಾಲಯ ಸೇರಿದ ನಾಟಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಚ್ಚಿಗೆ ಕೊಡಬೇಕಾದದ್ದು ನಿಮ್ಮ ಮೇಜಿನ ಮೇಲಿನ ಪ್ರತಿಯನ್ನಲ್ಲ, ಪ್ರದರ್ಶನದಲ್ಲಿ ಮಾತು ನೆನಪಿಸಲು ತೆರೆಯ ಹಿಂದೆ ನಿಂತವರ ಕೈಯಲ್ಲಿದ್ದ ಪ್ರತಿಯನ್ನು. ಅದರಲ್ಲಿ ಹೊಡೆದುಹಾಕಿದ ಸಾಲುಗಳು, ನಟರು ತಾವೇ ಸೇರಿಸಿದ ಮಾತುಗಳು, ಎಲ್ಲಿ ಜನ ನಕ್ಕರೆಂಬ ಗುರುತುಗಳು ಇರುತ್ತವೆ. ನಟರ ಮಾತನ್ನು ಉಳಿಸಿಕೊಂಡರೆ ಅವರ ಹೆಸರನ್ನೂ ಮುನ್ನುಡಿಯಲ್ಲಿ ಹಾಕಿ. ಕೊನೆಯಲ್ಲಿ ಎರಡು ಪುಟ ಬಿಟ್ಟು, ಮೊದಲ ಪ್ರದರ್ಶನ ಎಲ್ಲಿ ನಡೆಯಿತು, ಯಾರು ಯಾವ ಪಾತ್ರ ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ರಂಗದ ಮೇಲೆ ಏನೇನು ಸಾಮಾನು ಬೇಕಾಯಿತು ಎಂದು ಬರೆದಿಡಿ. ಬೇರೆ ಊರಿನ ತಂಡವೊಂದು ಪುಸ್ತಕ ತಿರುವಿ ಹಾಕುವಾಗ ಮೊದಲು ತೆರೆಯುವುದು ಆ ಎರಡು ಪುಟಗಳನ್ನೇ.